ಹಾಡಿದಾಕಿ ಹೆಸರು ಎಲ್ಲೈತ್ರಿ?

ನಮಸ್ಕಾರ್ರೀ ಎಲ್ಲಾರಿಗೂ. ಧಾರವಾಡದಾಗ ಮುಂಜಾನಿಂದ ಜಿಟಿಜಿಟಿ ಮಳಿ ಹತ್ತೈತಿ. ಮೈಕಿನಾಗ ಸಪ್ಪಳ ಬಂದ್ರ ಬರ್ಲಿ, ಕಿಡಕಿ ಹಾಕಂಗಿಲ್ಲ. ಮೊದ್ಲ ನನ್ನ ತಲಿ ಕಾದೈತಿ.

ಮೊನ್ನಿ ಸಾಧನಕೇರಿ ದಂಡಿ ಮ್ಯಾಲ ಅಡ್ಡಾಡಾಕ ಹೋಗಿದ್ದೆ. ಪರಿಚಯದ ಹಿರಿಯರೊಬ್ರು, ರಿಟೈರ್ ಆದ ಮಾಸ್ತರು, ಅಡ್ಡ ಬಂದು ನಿಂತ್ರು. "ಏನ್ರೀ ಸರ, ಫಾರಿನ್ನಿನ ಜಾನಪದ ಪತ್ರಿಕಿ ಸಂಪಾದಕ ಮಂಡಳಿ ಸೇರೀರಂತ. ಎಷ್ಟ ಕೊಡ್ತಾರ?" ಏನೂ ಕೊಡಂಗಿಲ್ರಿ ಅಂದೆ. "ಮತ್ತ್ಯಾಕ? ನಮ್ಮ ಮನಿ ಬಿಟ್ಟು ಅವ್ರ ಮನಿ ಕಸ ಹೊಡೀತೀರೇನು?" ಅಂದು ನಕ್ಕು ಮುಂದ ಹೋದ್ರು. ಮನಿಗೆ ಬಂದೆ. ಚಹಾ ಆರಿ ಹೋತು, ಸಿಟ್ಟು ಆರ್ಲಿಲ್ಲ.

ಅವ್ರ ಮನಿ ಕಸ ಅಂತ! ನಮ್ಮ ಅವ್ವ, ಆಯಿ, ಮುತ್ಯಾ ಹಾಡಿದ್ದು ಅಚ್ಚಾಗೋ ಮನಿ ಅದು. ಅಲ್ಲಿ ನಾ ಯಾಕ ಕುಂತೇನಿ ಅಂತ ಇವತ್ತ ಹೇಳ್ತೇನಿ. ಒಂದ ಕಾರಣ. ಹಾಡಿದಾಕಿ ಹೆಸರು.

ಕೇಳ್ರಿ. ನಾಕು ವರ್ಷದ ಹಿಂದ ನವಲಗುಂದ ಕಡೆ ಒಂದ ಹಳ್ಳಿಗೆ ಹೋಗಿದ್ದೆ, ಬೀಸೋ ಕಲ್ಲಿನ ಪದ ರೆಕಾರ್ಡ್ ಮಾಡಾಕ. ಮುದುಕಿ ಬಾಗಲಾಗ ಕುಂತಿದ್ಲು. "ಹಾಡಬೇ ಯವ್ವಾ" ಅಂದ್ರ, "ಅದು ಬಾಯಾಗಿಲ್ಲೋ ತಮ್ಮಾ, ಕೈಯಾಗೈತಿ" ಅಂದ್ಲು. ಹಿಟ್ಟಿನ ಗಿರಣಿ ಬಂದು ಎಷ್ಟ ಕಾಲಾತು, ಬೀಸೋ ಕಲ್ಲು ಹಿತ್ತಲಾಗ ಗ್ವಾಡಿಗೆ ಆನಿಸಿತ್ತು, ಮ್ಯಾಲ ಕೋಳಿ ಕುಂತಿತ್ತು. ತೊಳದು ಒಳಗ ತಂದ್ವಿ. ಗೂಟ ಇರ್ಲಿಲ್ಲ, ಜಾಲಿ ಕಟಗಿ ಕೆತ್ತಿ ಬಡದ್ವಿ. ಒಂದ ಕಾಲು ಚಾಚಿ, ಒಂದ ಮಡಚಿ ಕುಂತ್ಲು, ಹಿಡಿ ಜ್ವಾಳ ಬಾಯಿಗೆ ಹಾಕಿದ್ಲು, ತಿರುವಿದ್ಲು. ಮೊದ್ಲನೇ ಸುತ್ತು ಬರೇ ಕಲ್ಲಿನ ಸಪ್ಪಳ. ಎರಡನೇದೂ ಹಂಗ. ಮೂರನೇ ಸುತ್ತಿಗೆ ಹಾಡು ತಾನ ಎದ್ದು ಬಂತು ನೋಡ್ರಿ! ಮೂರ ಸಾಲಿನ ತ್ರಿಪದಿ, ಒಂದರ ಹಿಂದ ಒಂದು, ತವರಮನಿ, ಅಣ್ಣ, ಬಾರದ ಮಳಿ. ಬುಟ್ಟ್ಯಾಗಿನ ಜ್ವಾಳ ತೀರೋತನಕ ಹಾಡಿದ್ಲು.

ಹಿಟ್ಟ ಬಳಕೋತ ನನ್ನ ಕಡೆ ತಿರುಗಿ ಅಂದ್ಲು: "ಬರ್ಕೊಂಡ್ಯಾ ತಮ್ಮಾ? ಇದು ನಮ್ಮತ್ತಿ ಕಲಿಸಿದ್ದು. ಮೊದ್ಲ ಆಕಿ ಹೆಸರ ಬರಿ, ಆಮ್ಯಾಲ ನನ್ನ ಹೆಸರ ಬರಿ."

ನಾ ಬರದೆ. ಎರಡೂ ಹೆಸರ ಹಾಕಿ ಇಂಗ್ಲಿಷಿನಾಗ ಲೇಖನ ಮಾಡಿ ಹೊರದೇಶದ ಒಂದು ಪತ್ರಿಕಿಗೆ ಕಳಿಸ್ದೆ. ಈಗ ಸೇರಿದ ಪತ್ರಿಕಿ ಅಲ್ಲ, ಬ್ಯಾರೇದು. ಅಚ್ಚಾಗಿ ಬಂತು. ಎರಡೂ ಹೆಸರು ಹೋಗಿದ್ವು. ಅಲ್ಲಿ ಇದ್ದದ್ದು: "ಮಾಹಿತಿದಾರಳು 3, ಹೆಣ್ಣು, 71 ವರ್ಷ." ಪ್ರತಿ ತಗೊಂಡು ಆ ಮನಿಗೆ ಹೋದೆ. ಪಿಯುಸಿ ಓದೋ ಮೊಮ್ಮಗಳು ಬೆರಳಿಟ್ಟು ಓದಿದ್ಲು. "ಆಯಿ, ಇದ್ರಾಗ ನಿನ್ನ ಹೆಸರಿಲ್ಲ." ಮುದುಕಿ ಕೇಳಿದ್ಲು, "ಮತ್ತ ಯಾರದೈತಿ?"

"ಸರ್ದೈತಿ."

ಆವತ್ತ ಆಕಿ ಮಾಡಿಕೊಟ್ಟ ಚಹಾ ನನ್ನ ಗಂಟಲಾಗ ಇಳೀಲಿಲ್ರಿ.

ಅದಕ್ಕ ಸೇರೀನಿ. ರೊಕ್ಕಕ್ಕಲ್ಲ. ಸಂಪಾದಕ ಮಂಡಳಿ ಅಂದ್ರ ಏನು ಗೊತ್ತೇನ್ರಿ? ವರ್ಷಕ್ಕ ಎರಡೋ ಮೂರೋ ಲೇಖನ ಬರ್ತಾವ, ಬರದವ್ರ್ಯಾರು ಅಂತ ನಮಗ ಹೇಳಂಗಿಲ್ಲ, ಓದಿದವ್ರ್ಯಾರು ಅಂತ ಅವ್ರಿಗೆ ಹೇಳಂಗಿಲ್ಲ. ಓದಿ, ತಪ್ಪು ಒಪ್ಪು ಬರದು ಕಳಸೂದು. ಆನ್‌ಲೈನ್ ಸಭಾ, ನಮಗ ರಾತ್ರಿ ಒಂಬತ್ತೂವರಿಗೆ. ಆದ್ರ ಅಲ್ಲೇ ಒಂದ ಹಾಳಿ ತಯಾರಾಗತೈತಿ: ಲೇಖಕರಿಗೆ ಸೂಚನೆಗಳು. ಹಾಡಿದವ್ರ ಹೆಸರ ಹಾಕಬೇಕೋ ಬ್ಯಾಡೋ, ಕನ್ನಡದ ಮೂಲ ಕನ್ನಡ ಲಿಪಿಯೊಳಗ ಇರಬೇಕೋ ಬ್ಯಾಡೋ, ಎಲ್ಲಾ ಆ ಹಾಳ್ಯಾಗ. ಆ ಹಾಳಿ ಬರಿಯೋರ ನಡುವ ನಮ್ಮ ಕಡೆಯವ್ರೊಬ್ರು ಕುಂದ್ರಬೇಕೋ ಬ್ಯಾಡೋ?

ನಡುವ ಒಂದ ಎಚ್ಚರಿಕಿ, ಸಂಶೋಧನಾ ಹುಡುಗ್ರಿಗೆ. ಮಂಡಳಿ ಸೇರ್ರಿ ಅಂತ ದಿನಾ ಮೇಲ್ ಬರ್ತಾವ, "ಗೌರವಾನ್ವಿತ ವಿದ್ವಾಂಸರೇ" ಅಂತ. ಜಾನಪದದವಂಗ ದಂತವೈದ್ಯ ಪತ್ರಿಕಿಂದ ಕರಿ ಬರ್ತೈತಿ! ರೊಕ್ಕ ಕೇಳಿದ್ರ ಅಳಿಸಿ ಹಾಕ್ರಿ. ನಂಬಬಹುದಾದ ಪತ್ರಿಕಿ ಯಾವ್ದು ಅಂತ ಹೇಳ್ತಿದ್ದ ಯುಜಿಸಿ ಕೇರ್ ಪಟ್ಟಿನೂ 2025ರಾಗ ನಿಂತೈತಿ, ಖರೇ ಯಾವ್ದು ಖೊಟ್ಟಿ ಯಾವ್ದು ನಾವ ನೋಡ್ಕೋಬೇಕು. ಇದ್ರ ಮ್ಯಾಲ ಒಂದ ಪೂರಾ ಎಪಿಸೋಡ್ ಮಾಡೇನಿ, ನೋಡ್ರಿ. ನೋಡಿ ಸಬ್‌ಸ್ಕ್ರೈಬ್ ಆಗ್ರಿ.

ಹೆಸರಿನ ಮಾತಿಗೆ ಬರೋಣ. ಫ್ಲೀಟ್ ಸಾಹೇಬ ಗೊತ್ತಲ್ಲ, ಜಾನ್ ಫೇಥ್‌ಫುಲ್ ಫ್ಲೀಟ್, ಬ್ರಿಟಿಷರ ಕಾಲದಾಗ ಮುಂಬೈ ಪ್ರಾಂತ್ಯದ ಅಧಿಕಾರಿ. 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕಿಯೊಳಗ ನಮ್ಮ ಲಾವಣಿ ಅಚ್ಚ ಹಾಕಿಸ್ದ. ಸಂಗೊಳ್ಳಿ ರಾಯಣ್ಣನ ಲಾವಣಿ ಆವಾಗ್ಲೇ ಪತ್ರಿಕಿ ಸೇರಿತು. ಇನ್ನ ನಮ್ಮ ಮಕ್ಕಳು ಸಾಲ್ಯಾಗ ಓದೋ ಹಲಗಲಿ ಬೇಡರ ಲಾವಣಿ ತಗೋರಿ, ಕೊನಿಗೆ ಕುರ್ತಕೋಟಿ ಕಲ್ಮೇಶನ ಅಂಕಿತ, ಅಂದ್ರ ಹಾಡು ಕಟ್ಟಿದವ್ರು ಹಾಕೋ ಗುರುತಿನ ಹೆಸರು, ಐತಿ. ಆ ಒಂದ ಅಂಕಿತದಿಂದ ಗದಗಿನ ಮಗ್ಗಲಿನ ಊರು ಇವತ್ತಿಗೂ ಆ ಹಾಡಿನ ಕೂಡ ಜೀವಂತ ಐತಿ. ಗಂಡಸರು ಲಾವಣಿ ಕಟ್ಟಿ ಅಂಕಿತ ಹಾಕಿದ್ರು, ಉಳಕೊಂಡ್ರು. ಬೀಸಕೋತ ಕುಟ್ಟಕೋತ ಹಾಡಿದ ನಮ್ಮ ಅವ್ವಗೋಳು ಯಾವ ಅಂಕಿತ ಹಾಕ್ಯಾರ? ಹಾಕಿಲ್ಲ. ಅವ್ರ ಹೆಸರ ನಾವ ಬರೀಬೇಕು. ಬರೀಲಿಲ್ಲಂದ್ರ ಹೋತು ಅದು, ಜ್ವಾಳದ ಹೊಟ್ಟಿನಂಗ ಗಾಳಿಗೆ ಹೋತು.

ಕತಿ ಸುದ್ದಿ ಕೇಳ್ರಿ ಇನ್ನ. ಫಿನ್ಲಂಡಿನ ಆಂಟಿ ಆರ್ನೆ 1910ರಾಗ ಜನಪದ ಕತಿಗೋಳನ್ನ ನಮೂನಿ ಪ್ರಕಾರ ವಿಂಗಡಿಸಿ ನಂಬರ್ ಕೊಟ್ಟ. ಅಮೆರಿಕದ ಸ್ಟಿತ್ ಥಾಂಪ್ಸನ್ ಬೆಳಸ್ದ. 2004ರಾಗ ಜರ್ಮನಿಯ ಊಥರ್ ಮತ್ತ ತಿದ್ದಿದ. ಛಲೋ ಕೆಲಸ, ನಾನೂ ದಿನಾ ಬಳಸ್ತೇನಿ. ಸಿಂಡ್ರೆಲಾ ಕತಿ ಅಂದ್ರ 510ಎ. ಕತಿಗೆ ನಂಬರ್ ಐತಿ, ನಂಬರಿಗೆ ಅಡ್ಡಹೆಸರೂ ಐತಿ! ಕತಿ ಹೇಳಿದಾಕಿಗೆ?

"ಇಲ್ರೀ ಸರ, ಅದು ನೈತಿಕ ನಿಯಮ, ಗುರುತು ಮುಚ್ಚಬೇಕು" ಅಂತಾರ ದೊಡ್ಡ ದೊಡ್ಡ ಕಲಿತವ್ರು. ಯಾವ್ದಕ್ಕ? ರೋಗದ ಸುದ್ದಿ ಇದ್ರ ಮುಚ್ಚರಿ. ಜಾತಿ ಜಗಳ, ಹೊಲದ ವ್ಯಾಜ್ಯ ಇದ್ರ ಮುಚ್ಚರಿ. ಆಕಿ ಬ್ಯಾಡಂದ್ರ ಮುಚ್ಚರಿ. ಹಾಡಿದ್ದಕ್ಕ ಯಾಕ ಮುಚ್ತೀರಿ? ಬೇಂದ್ರೆ ಅಜ್ಜಾರ ಪದ್ಯದ ಕೆಳಗ "ಗಂಡಸು, ಧಾರವಾಡ" ಅಂತ ಬರೀತೀರೇನ್ರಿ? ಬರೀರಿ ನೋಡೋಣ! ಅವ್ರ ಸಾಧನಕೇರಿ ಮಂದಿ ಬಿಡ್ತಾರೇನು ನಿಮ್ಮನ್ನ?

ಇನ್ನೊಬ್ರು ಅಂದ್ರು, "ಈಗ ಹೆಸರ ಬರಾಕತ್ತಾವಲ್ರಿ, ಪದ್ಮಶ್ರೀ ಕೊಡಾಕತ್ತಾರಲ್ಲ." ಹೌದ್ರಿ. ಜನಪದ ಹಾಡಿನ ಸುಕ್ರಿ ಬೊಮ್ಮಗೌಡ ಅವ್ರಿಗೆ 2017ರಾಗ, ತೊಗಲು ಗೊಂಬಿಯಾಟದ ಭೀಮವ್ವ ಶಿಳ್ಳೇಕ್ಯಾತರ ಅವ್ರಿಗೆ 2025ರಾಗ ಕೊಟ್ರು. ಟಿವಿ ನೋಡ್ಕೋತ ನಾ ಅತ್ತೇನಿ. ಆದ್ರ ಹೆಸರ ಬರಾಕ ಪದ್ಮಶ್ರೀನ ಬೇಕಾ? ಪದ್ಮಶ್ರೀ ಸಿಗದ ಮುದುಕಿ ಬರೇ "ಹೆಣ್ಣು, 71" ಏನು?

ಮತ್ತೊಬ್ರು, "ಶಿಗ್ಗಾಂವಿ ಹತ್ರ ಗೋಟಗೋಡಿಯೊಳಗ 2011ರಿಂದ ನಮ್ದ ಜಾನಪದ ವಿಶ್ವವಿದ್ಯಾಲಯ ಐತಿ, ಅಲ್ಲೇ ಮಾಡ್ರಿ." ಮಾಡ್ತೇನಿ! ಶಿಗ್ಗಾಂವಿ ಏನ ಲಂಡನ್ನಿನಾಗೈತಾ? ಬಸ್ ಹತ್ತಿದ್ರ ಆತು. ಅಲ್ಲಿ ಕೆಲಸ ಮಾಡಿದ್ರ ಇಲ್ಲಿ ಕುಂದ್ರಬಾರದು ಅಂತ ಯಾರ ಹೇಳ್ಯಾರ? ನಮ್ಮ ಪುಸ್ತಕಗೋಳೂ ಏನ ಕಡಿಮಿ ಇಲ್ಲ. ಸಂಪಾದಕರ ಹೆಸರು ಮುಖಪುಟದಾಗ, ಹಾಡಿದವ್ರು "ಊರಿನ ಹೆಣ್ಣುಮಕ್ಕಳು". ಅಲ್ಲೂ ಹೇಳ್ತೇನಿ, ಇಲ್ಲೂ ಹೇಳ್ತೇನಿ. ಹೆಸರ ಬರೀರಿ.

ಮೊದ್ಲನೇ ಸಭಾದಾಗ ಅದನ್ನ ಹೇಳ್ದೆ. ಹಾಡಿದವ್ರು ಒಪ್ಪಿದ್ರ ಅವ್ರ ಹೆಸರು, ಊರು, ಕಲಿಸಿದವ್ರ ಹೆಸರು ಅಚ್ಚಾಗಬೇಕು ಅಂತ ನಾಕು ಸಾಲು ಬರದು ಓದಿದೆ. ಇಬ್ರು ತಲಿ ಅಲ್ಲಾಡಿಸಿದ್ರು, ಒಬ್ರು ವಕೀಲರನ್ನ ಕೇಳಬೇಕಂದ್ರು. ಕೇಳ್ಲಿ. ಮುಂದಿನ ಸಭಾದಾಗ ಮತ್ತ ಓದ್ತೇನಿ. ಅದರ ಮುಂದಿನದ್ರಾಗೂ ಓದ್ತೇನಿ. ಬೀಸೋ ಕಲ್ಲು ಮೂರನೇ ಸುತ್ತಿಗೆ ಹಾಡೇತ್ರಿ!

ಆತು. ಮುಂದಿನ ವಾರ ದೇವರಗುಡ್ಡದ ಕಾರ್ಣಿಕ, ಅಂದ್ರ ಜಾತ್ರ್ಯಾಗ ಭವಿಷ್ಯ ನುಡಿಯೂದು. ಗೊರವಪ್ಪ ಬಿಲ್ಲ ಏರಿ "ಸದ್ದಲೇ" ಅಂದಕೂಡ್ಲೇ ಅಷ್ಟ ಮಂದಿ ಹೆಂಗ ಗಪ್ ಆಗತಾರ, ಅದನ್ನ ಕೇಳಸ್ತೇನಿ, ರೆಕಾರ್ಡಿಂಗ್ ಭಾಳ ಛಲೋ ಬಂದೈತಿ. ಗಂಟಿ ಒತ್ತಿ ಇಟ್ಟಿರ್ರಿ. ನಿಮ್ಮ ಮನ್ಯಾಗ ಹಾಡೋ ಹಿರಿಯರಿದ್ರ ಫೋನಿನಾಗ ಹಿಡದು ಕಳಸ್ರಿ. ಹಾಡಿನ ಮೊದ್ಲ ಹೆಸರ ಹೇಳಸ್ರಿ, ಯಾರ ಕಲಿಸಿದ್ರು ಅದನ್ನೂ ಹೇಳಸ್ರಿ. ಹೆಸರಿಲ್ಲದ್ದು ನಾ ಹಾಕಂಗಿಲ್ಲ.

ಈಗ ಮಾತು ನಿಲ್ಲಸ್ತೇನಿ. ಪರದಿ ಮ್ಯಾಲ ಎರಡ ಹೆಸರ ಬರ್ತಾವ, ಮೊದ್ಲ ಅತ್ತಿದು, ಆಮ್ಯಾಲ ಸೊಸಿದು. ಜೋರಾಗಿ ಓದ್ರಿ. ಆಮ್ಯಾಲ ಕಲ್ಲಿನ ಸಪ್ಪಳ ಬರ್ತೈತಿ, ಎರಡ ಸುತ್ತು ತಡ್ಕೋರಿ.