ನಾಲ್ಕು ದಾಳ, ಮುಕ್ಕಾಲು ಗಂಟೆ ಜಗಳ

ನಮಸ್ಕಾರ. ಇವತ್ತು ಒಂದು ಜಗಳದಿಂದ ಶುರು ಮಾಡುತ್ತೇನೆ. ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ.

ಹೋದ ತಿಂಗಳು ನಮ್ಮ ಡಂಜನ್ಸ್ ಅಂಡ್ ಡ್ರಾಗನ್ಸ್ ಗುಂಪಿನಲ್ಲಿ ಹೊಸ ಕಥೆ ಶುರುವಾಯಿತು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಇದು. ಆಟ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನೇ. ಎಲ್ಲರೂ ತಮ್ಮ ತಮ್ಮ ಪಾತ್ರ ಕಟ್ಟಬೇಕು. ಬಲ, ಚುರುಕು, ಬುದ್ಧಿ ಅಂತ ಪ್ರತಿ ಪಾತ್ರಕ್ಕೂ ಆರು ಗುಣ. ಒಂದೊಂದು ಗುಣಕ್ಕೂ ಆರು ಮುಖದ ನಾಲ್ಕು ದಾಳ ಹಾಕಬೇಕು, ಕಡಿಮೆ ಬಿದ್ದದ್ದನ್ನು ಬಿಟ್ಟು ಉಳಿದ ಮೂರನ್ನು ಕೂಡಬೇಕು. ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಧಾರಾಳ ತೋರಿಸೋಣ ಅಂತ ಒಂದು ಮಾತು ಸೇರಿಸಿದೆ: "ಒಂದು ಬಿದ್ದರೆ ಮತ್ತೆ ಹಾಕಿ."

ಅಲ್ಲಿಗೆ ಮುಗಿಯಿತು. ಒಬ್ಬ ನಾಲ್ಕು ದಾಳದಲ್ಲಿ ಎಲ್ಲೆಲ್ಲಿ ಒಂದು ಇದೆಯೋ ಅದನ್ನೆಲ್ಲ ಮತ್ತೆ ಹಾಕಿದ, ಆಮೇಲೆ ಕಡಿಮೆಯದನ್ನು ಬಿಟ್ಟ. ಪಕ್ಕದಲ್ಲಿದ್ದವಳು ಮೊದಲು ಕಡಿಮೆಯದನ್ನು ಬಿಟ್ಟಳು. ಅವಳಿಗೆ ಬಿದ್ದಿದ್ದ ಒಂದು ಅದರ ಜೊತೆಗೇ ಹೋಯಿತು, ಮತ್ತೆ ಹಾಕಲು ಏನೂ ಉಳಿಯಲಿಲ್ಲ. ಇಬ್ಬರೂ ನಾನು ಹೇಳಿದ್ದನ್ನೇ ಮಾಡಿದ್ದರು! ಮುಕ್ಕಾಲು ಗಂಟೆ ವಾದ. ತಂದಿಟ್ಟ ಬೋಂಡಾ ತಣ್ಣಗಾಯಿತು.

ರಾತ್ರಿ ಮನೆಗೆ ಬಂದು ಎನಿಡೈಸ್ ತೆರೆದೆ. ಬ್ರೌಸರ್‌ನಲ್ಲೇ ನಡೆಯುವ ಪುಕ್ಕಟೆ ಸಾಧನ ಅದು. ಅದರದ್ದೇ ಒಂದು ಪುಟ್ಟ ಭಾಷೆ ಇದೆ, ಅದರಲ್ಲಿ ನಿಯಮ ಬರೆದುಕೊಡಬೇಕು. ಒಂದು ಗರ ಹಾಕಿ ತೋರಿಸುವುದು ಅದರ ಮುಖ್ಯ ಕೆಲಸವಲ್ಲ. ನಾಲ್ಕು ದಾಳ 1,296 ರೀತಿ ಬೀಳಬಹುದು ಅಲ್ವಾ, ಅಷ್ಟನ್ನೂ ಲೆಕ್ಕ ಹಾಕಿ ಯಾವ ಮೊತ್ತಕ್ಕೆ ಎಷ್ಟು ಸಾಧ್ಯತೆ ಅಂತ ಹೇಳುತ್ತದೆ. ನನ್ನ ಧಾರಾಳ ಇಲ್ಲದ ಹಳೇ ಪದ್ಧತಿಗೆ ಸರಾಸರಿ 12.24. ಅವನ ರೀತಿಯಲ್ಲಿ 13.43. ಅವಳ ರೀತಿಯಲ್ಲಿ 12.69. ಆರು ಗುಣಕ್ಕೂ ಸೇರಿಸಿದರೆ ಇಬ್ಬರ ನಡುವೆ ಸುಮಾರು ನಾಲ್ಕೂವರೆ ಅಂಕದ ವ್ಯತ್ಯಾಸ. ಭೀಮನಿಗೂ ಉತ್ತರಕುಮಾರನಿಗೂ ಇರುವಷ್ಟು ದೂರವೇನಲ್ಲ. ಮುಖ ಊದಿಸಿಕೊಳ್ಳಲು ಮಾತ್ರ ಧಾರಾಳವಾಗಿ ಸಾಕು.

ಆದರೆ ಈ ಅಂಕಿಗಿಂತ ಜಾಸ್ತಿ ಉಪಯೋಗವಾದದ್ದು ಬೇರೆ. ನಿಯಮ ಬರೆಯುತ್ತಾ ಬರೆಯುತ್ತಾ ಒಂದು ಕಡೆ ಕೈ ನಿಂತಿತು. ಮತ್ತೆ ಹಾಕಿದಾಗಲೂ ಒಂದೇ ಬಿದ್ದರೆ? ಒಂದು ಹೋಗುವ ತನಕ ಹಾಕುತ್ತಲೇ ಇರಬೇಕಾ, ಒಂದೇ ಸಲವಾ? ಅದನ್ನು ನಾನು ಹೇಳಿಯೇ ಇರಲಿಲ್ಲ. ಮೇಲಿನ ಲೆಕ್ಕದಲ್ಲಿ, ಒಂದು ಹೋಗುವ ತನಕ ಅಂತ ಹಿಡಿದೆ. ಮೇಜಿನ ಸುತ್ತ ಕೂತವರು ಅಷ್ಟು ಜಗಳವಾಡಿದರೂ ಈ ತೂತು ಯಾರಿಗೂ ಕಂಡಿರಲಿಲ್ಲ.

ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಟಾರ್ಬೆನ್ ಮೊಗೆನ್ಸೆನ್ ದಾಳದ ನಿಯಮ ಬರೆಯಲೆಂದೇ ಟ್ರೋಲ್ ಅನ್ನುವ ಭಾಷೆ ಮಾಡಿದ್ದಾರೆ. ಅದು ದಾಳವನ್ನೂ ಹಾಕುತ್ತದೆ, ಸಾಧ್ಯತೆಯನ್ನೂ ಲೆಕ್ಕ ಹಾಕುತ್ತದೆ. ದಾಳಕ್ಕೆ ಒಂದು ಭಾಷೆಯೇ ಬೇಕಾ ಅಂತ ಮೊದಲು ನಗು ಬಂದಿತ್ತು. ಈಗ ಬರುವುದಿಲ್ಲ.

ಇಂಥ ಜಗಳ ನಮಗೇನು ಹೊಸದಲ್ಲ ಬಿಡಿ. ಚೌಕಾಬಾರದಲ್ಲಿ ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಸಲ ಕವಡೆ ಹಾಕಬಹುದು. ಸತತ ಮೂರು ಸಲ ಬಿದ್ದರೆ ಎಲ್ಲ ರದ್ದು ಅನ್ನುತ್ತಿದ್ದರು ನಮ್ಮಜ್ಜಿ. ಅತ್ತೆ ಮನೆಯಲ್ಲಿ ಹಾಗಿರಲಿಲ್ಲ. ಪ್ರತಿ ಬೇಸಿಗೆ ರಜೆಗೂ ಅದೇ ರಾಮಾಯಣ. ಡಿ ಅಂಡ್ ಡಿ ಥರದ ಆಟಗಳಲ್ಲಿ ಇದರ ತಮ್ಮನೊಬ್ಬ ಇದ್ದಾನೆ, ಎಕ್ಸ್‌ಪ್ಲೋಡಿಂಗ್ ಡೈಸ್. ಆರು ಬಿದ್ದರೆ ಮತ್ತೆ ಹಾಕಿ ಕೂಡುತ್ತಾ ಹೋಗುವುದು. ನೋಡಲು ಭರ್ಜರಿ, ಆದರೆ ಒಂದು ದಾಳದ ಸರಾಸರಿ ಏರುವುದು 3.5 ರಿಂದ 4.2ಕ್ಕೆ ಅಷ್ಟೇ.

ಈಗ ನನ್ನ ತಕರಾರು. ಆನ್‌ಲೈನ್ ಆಟದ ಕೋಣೆಗಳಲ್ಲಿ ಒಂದು ಬಟನ್ ಒತ್ತಿದರೆ ಸಾಕು, ದಾಳ ಬಿದ್ದು ಕೂಡಿಯೂ ಆಗಿರುತ್ತದೆ. ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲಿ ಕೂತಿದ್ದರೆ ಅನುಕೂಲವೇ. ಆದರೆ ಬಟನ್ ಉತ್ತರ ಕೊಡುತ್ತದೆ, ನಿಯಮವನ್ನು ಯಾವ ಅರ್ಥದಲ್ಲಿ ಹಿಡಿದು ಕೊಟ್ಟಿತು ಅಂತ ಹೇಳುವುದಿಲ್ಲ. ಜಗಳ ಇಲ್ಲ, ನಿಜ. ನಿಯಮ ಏನು ಅಂತ ಯಾರಿಗೂ ಗೊತ್ತೂ ಇಲ್ಲ.

ಇನ್ನು ಆಟದ ಮಧ್ಯೆ ಲ್ಯಾಪ್‌ಟಾಪ್ ತೆಗೆದು ಸಾಧ್ಯತೆ ಹುಡುಕುವವರು. ನನ್ನ ಮೇಜಿನಲ್ಲಿ ಅದು ನಡೆಯುವುದಿಲ್ಲ. ಡಿ ಅಂಡ್ ಡಿಯ 2014ರ ಐದನೇ ಆವೃತ್ತಿಯಲ್ಲಿರುವ ಅಡ್ವಾಂಟೇಜ್ ಅನ್ನುವ ನಿಯಮ ತೆಗೆದುಕೊಳ್ಳಿ: ಇಪ್ಪತ್ತು ಮುಖದ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. 11 ಅಥವಾ ಮೇಲೆ ಬೇಕಿದ್ದರೆ ಸಾಧ್ಯತೆ 50ರಿಂದ 75 ಶೇಕಡಾಕ್ಕೆ ಹಾರುತ್ತದೆ. ಇಪ್ಪತ್ತೇ ಬೇಕಿದ್ದರೆ 5ರಿಂದ 9.75ಕ್ಕೆ ತೆವಳುತ್ತದೆ. ಇದು ನಿಯಮ ಬರೆಯುವವನಿಗೆ ಹಿಂದಿನ ದಿನವೇ ಗೊತ್ತಿರಬೇಕು. ಡ್ರಾಗನ್ ಎದುರಿಗೆ ನಿಂತಿರುವವನಿಗೆ ಎದೆ ಢವಢವ ಅಂದರೆ ಸಾಕು.

ಮುಂದಿನ ಶನಿವಾರ ನಿಯಮವನ್ನು ಕಾಗದದಲ್ಲಿ ಬರೆದುಕೊಂಡು ಹೋದೆ. "ನಾಲ್ಕೂ ಹಾಕಿ. ಒಂದು ಬಿದ್ದ ದಾಳಗಳನ್ನೆಲ್ಲ ಒಂದೇ ಸಲ ಮಾತ್ರ ಮತ್ತೆ ಹಾಕಿ. ಆಮೇಲೆ ಕಡಿಮೆಯದನ್ನು ಬಿಡಿ." ಸರಾಸರಿ 13.27, ನೋಡಿಕೊಂಡೇ ಬರೆದದ್ದು. ಯಾರೂ ಸೊಲ್ಲೆತ್ತಲಿಲ್ಲ. ಅವಳು ದಾಳ ಹಾಕಿದಳು. ಮೂರು ಮೇಜಿನ ಮೇಲೆ ನಿಂತವು, ನಾಲ್ಕನೆಯದು ಉರುಳಿಕೊಂಡು ಸೋಫಾ ಕೆಳಗೆ ಹೋಯಿತು. ಇವನು ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಆರು ಬಿದ್ದಿದೆ, ಆದರೆ ಕೆಳಗೆ ಬಿದ್ದದ್ದು ಲೆಕ್ಕಕ್ಕಿಲ್ಲ ಅಲ್ವಾ?" ಅಂದ.