ಏಳೂವರೆ ಬಸ್ಸಿನ ಮಕ್ಕಳು

ಕೇಳುಗರಿಗೆ ನಮಸ್ಕಾರ.

ನಮ್ಮ ಅಣ್ಣನ ಮಗಳು ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದುತ್ತಿದ್ದಾಳೆ. ಬೆಳಿಗ್ಗೆ ಏಳೂವರೆಗೆ ಬಸ್ಸು. "ಟೈಮಿಲ್ಲ ಅತ್ತೆ" ಅಂತ ಅರ್ಧ ಲೋಟ ಟೀ ಕುಡಿದು ಓಡುತ್ತಿದ್ದಳು. ಹನ್ನೊಂದಕ್ಕೆ ಹೊಟ್ಟೆ ಚುರ್ ಅಂದಾಗ ಕಾಲೇಜಿನ ಎದುರು ಒಂದು ಪಫ್ಸು, ಇಲ್ಲದಿದ್ದರೆ ಹತ್ತು ರೂಪಾಯಿ ಚಿಪ್ಸು, ಜೊತೆಗೆ ಕೂಲ್‌ಡ್ರಿಂಕ್ಸು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಹತ್ತನೇ ತರಗತಿವರೆಗೆ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತದೆ. ಕಾಲೇಜಿಗೆ ಹೋದ ಮೇಲೆ ಬಹುಪಾಲು ಮಕ್ಕಳಿಗೆ ಅದು ಇಲ್ಲ. ಮೈ ಬೆಳೆಯುವುದು ಮಾತ್ರ ಇನ್ನೂ ಮುಗಿದಿರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ಹೇಳಿದ ಲೆಕ್ಕದಂತೆ 16ರಿಂದ 18ರ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಮೈದಾ ಪಫ್ಸಿನಲ್ಲಿ ಅದೆಲ್ಲಿಂದ ಬರಬೇಕು ಹೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಹುಡುಗರಲ್ಲೂ ಶೇಕಡಾ 31. ಓದಲು ಕೂತರೆ ತೂಕಡಿಕೆ, ಎರಡು ಮಹಡಿ ಹತ್ತಿದರೆ ಏದುಸಿರು ಅಂತಿದ್ದರೆ ದಯವಿಟ್ಟು ಸೋಮಾರಿ ಅಂತ ಬೈಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ.

ಕೂಲ್‌ಡ್ರಿಂಕ್ಸಿನ ಮಾತು. ಕೋಲಾದಲ್ಲಿ ನೂರು ಎಂ.ಎಲ್.ಗೆ ಹತ್ತು ಗ್ರಾಂ ದಾಟಿ ಸಕ್ಕರೆ ಇರುತ್ತದೆ. ಕಾಲು ಲೀಟರ್ ಬಾಟಲಿ ಅಂದರೆ ಐದು ಚಮಚಕ್ಕೂ ಜಾಸ್ತಿ ಆಯಿತು. ಮನೆಯಲ್ಲಿ ಒಂದು ಲೋಟ ಕಾಫಿಗೆ ಐದು ಚಮಚ ಹಾಕಿಕೊಟ್ಟರೆ ಯಾರಾದರೂ ಕುಡಿಯುತ್ತಾರಾ?

ಪ್ಯಾಕೆಟ್ಟಿನ ಮುಂದಿನ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಯಾವುದು ಹೆಚ್ಚು ತೂಕ ಹಾಕಿದ್ದಾರೋ ಅದನ್ನೇ ಮೊದಲು ಬರೆದಿರಬೇಕು ಅಂತ ನಿಯಮವಿದೆ. ರಾಗಿ ಬಿಸ್ಕತ್ತು ಅಂತ ತಂದದ್ದರಲ್ಲಿ ಮೊದಲಿಗೆ ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ ಅಂತಿದ್ದರೆ ಅದು ಮೈದಾ ಬಿಸ್ಕತ್ತೇ.

ಈಗ ನಾನು ರಾತ್ರಿಯೇ ಹೆಸರುಕಾಳು ಮೊಳಕೆ ಕಟ್ಟಿಡುತ್ತೇನೆ. ಬೆಳಿಗ್ಗೆ ಅದಕ್ಕೆ ಈರುಳ್ಳಿ, ನಿಂಬೆಹುಳಿ ಹಾಕಿ ಡಬ್ಬಿಗೆ ತುಂಬುತ್ತೇನೆ. ಹುಳಿ ಸುಮ್ನೆ ರುಚಿಗಲ್ಲ, ಕಾಳಿನ ಕಬ್ಬಿಣ ಮೈಗೆ ಹತ್ತಲು ಅದು ಬೇಕು. ಒಂದು ದಿನ ಬೇಯಿಸಿದ ಮೊಟ್ಟೆ, ಒಂದು ದಿನ ಶೇಂಗಾ ಚಟ್ನಿಪುಡಿ ಸವರಿ ಸುತ್ತಿದ ರಾಗಿ ರೊಟ್ಟಿ. ಬಸ್ಸಲ್ಲೇ ತಿನ್ನಬಹುದು, ಕೈ ಅಂಟುವುದಿಲ್ಲ. ಸಂಜೆಗೆ ಹುರಿಗಡಲೆ, ಬೆಲ್ಲ, ಸೀಬೆಹಣ್ಣು.

ಮತ್ತೆ ಆ ಟೀ. ತಿಂಡಿಯ ಜೊತೆಗೇ ಕುಡಿದರೆ ಅದು ಸೊಪ್ಪು, ಕಾಳಿನ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಬೇಕೇ ಬೇಕು ಅಂತ ಮಕ್ಕಳು ಹಟ ಮಾಡಿದರೆ ಒಂದು ಗಂಟೆ ಬಿಟ್ಟು ಕೊಡಿ.

ನಮಸ್ಕಾರ.