ಫ್ಯಾರಡೆ ನದಿಗೆ ಕೊಟ್ಟ ಕಾರ್ಡು

ನಮಸ್ಕಾರ. ವ್ಯಂಗ್ಯಚಿತ್ರದಿಂದ ಎಂದಾದರೂ ಒಂದು ನದಿ ಶುದ್ಧವಾಗಿದೆಯೇ ಎಂದು ವೀಕ್ಷಕರೊಬ್ಬರು ಕೇಳಿದ್ದರು. ಉತ್ತರ ಹುಡುಕುತ್ತ ನಾನು ಲಂಡನ್ನಿನ ಥೇಮ್ಸ್ ನದಿಯ ದಡಕ್ಕೆ ಬಂದಿದ್ದೇನೆ. 19ನೇ ಶತಮಾನದ ನಡುವಿಗೆ ಊರಿನ ಹೊಲಸೆಲ್ಲ ಈ ನದಿಯನ್ನು ಸೇರುತ್ತಿತ್ತು, ಅನೇಕರು ಇದೇ ನದಿಯ ನೀರನ್ನು ಕುಡಿಯುತ್ತಿದ್ದರು. ಹಿನ್ನೆಲೆ ಇಷ್ಟು ಸಾಕು.

[ಪರದೆಯ ಮೇಲೆ: 1855ರ ಚಿತ್ರ]

ಮೂಗು ಮುಚ್ಚಿಕೊಂಡು ನಿಂತಿರುವವರು ವಿಜ್ಞಾನಿ ಮೈಕೆಲ್ ಫ್ಯಾರಡೆ. ನಾವು ನದಿಯನ್ನು ತಾಯಿ ಎಂದರೆ ಲಂಡನ್ನಿನವರು ಥೇಮ್ಸನ್ನು ಅಪ್ಪ ಎನ್ನುತ್ತಾರೆ. ಅದಕ್ಕೇ ಇರಬೇಕು, ‘ಪಂಚ್’ ಎಂಬ ಹಾಸ್ಯ ಪತ್ರಿಕೆಯ ಚಿತ್ರಕಾರ ಅವನನ್ನು ಹೊಲಸು ಮೆತ್ತಿದ ಮುದುಕನನ್ನಾಗಿಸಲು ಹಿಂಜರಿದಿಲ್ಲ. ಆದರೆ ಫ್ಯಾರಡೆ ಆತನಿಗೆ ಕಾರ್ಡು ನೀಡುತ್ತಿರುವುದೇಕೆ? ಆ ಜುಲೈನಲ್ಲಿ ಉಗಿದೋಣಿಯಲ್ಲಿ ಹೋಗುತ್ತಿದ್ದ ಫ್ಯಾರಡೆ, ಬಿಳಿ ಕಾರ್ಡುಗಳನ್ನು ಹರಿದು, ಬೇಗ ಮುಳುಗಲೆಂದು ಒದ್ದೆ ಮಾಡಿ, ದೋಣಿ ನಿಂತ ಕಟ್ಟೆಗಳ ಬಳಿಯೆಲ್ಲ ನೀರಿಗೆ ಹಾಕಿದರು. ಬಿಸಿಲು ಪ್ರಖರವಾಗಿದ್ದರೂ ಚೂರುಗಳು ಒಂದು ಅಂಗುಲ ಇಳಿಯುವ ಮೊದಲೇ ಕಾಣದಾದವು; ಅಂಚು ಕೆಳಗಾಗಿ ಬಿದ್ದ ಚೂರಿನ ಮೇಲ್ತುದಿ ನೀರಿನ ಹೊರಗಿರುವಾಗಲೇ ಕೆಳತುದಿ ಮರೆಯಾಗಿತ್ತು! ಉಪಕರಣವಿಲ್ಲ, ಅನುದಾನವಿಲ್ಲ, ಸಮಿತಿಯಂತೂ ಇಲ್ಲವೇ ಇಲ್ಲ. ಇದನ್ನು ಅವರು ‘ಟೈಮ್ಸ್’ ಪತ್ರಿಕೆಗೆ ಬರೆದರು. ಪ್ರಯೋಗದ ಆ ಚೂರನ್ನೇ ಚಿತ್ರಕಾರ ಭೇಟಿಗೆ ಬಂದವರು ಕೊಡುವ ವಿಸಿಟಿಂಗ್ ಕಾರ್ಡನ್ನಾಗಿ ಮಾಡಿದ. ಈ ಕೊಳಕ ಮುದುಕ ಪ್ರೊಫೆಸರ್ ಫ್ಯಾರಡೆಯವರ ಸಲಹೆ ಪಡೆಯಲಿ ಎಂಬುದು ಅಡಿಬರಹದ ಆಶಯ.

ನಗು ಬಂತು, ನದಿ ಹಾಗೆಯೇ ಉಳಿಯಿತು. ಖರ್ಚು ಯಾರದು, ಕೊಳಚೆಯನ್ನು ಎಲ್ಲಿ ಬಿಡಬೇಕು ಎಂಬ ಜಗಳದಲ್ಲಿ ಮೂರು ವರ್ಷ ಕಳೆದವು.

[ಪರದೆಯ ಮೇಲೆ: ದೋಣಿ ಹುಟ್ಟು ಹಾಕುವ ಅಸ್ಥಿಪಂಜರ]

ಇದು 1858ರ ಜುಲೈ 10ರ ‘ಪಂಚ್’ ಚಿತ್ರ. ಹಣ ಕೊಡು, ಇಲ್ಲವೇ ಪ್ರಾಣ ಕೊಡು ಎಂಬ ದರೋಡೆಕೋರರ ಮಾತನ್ನು ಇಲ್ಲಿ ಸಾವಿನ ಬಾಯಲ್ಲಿ ಇಡಲಾಗಿದೆ. ಜಗಳ ಹಣದ್ದೇ ಆಗಿದ್ದರಿಂದ ಏಟು ನೇರವಾಗಿ ಬಿದ್ದಿತ್ತು. ಆದರೂ ಕೆಲಸ ಮಾಡಿಸಿದ್ದು ಚಿತ್ರವಲ್ಲ, ಮೂಗು ಎಂಬುದು ನನ್ನ ತೀರ್ಮಾನ. ಆ ಬೇಸಿಗೆಯ ದುರ್ನಾತ ನದಿದಡದ ಸಂಸತ್ ಭವನದೊಳಕ್ಕೇ ನುಗ್ಗಿತು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿದ ಪರದೆಗಳೂ ಅದನ್ನು ತಡೆಯಲಿಲ್ಲ. ಜುಲೈ 15ರಂದು ಹಣಕಾಸು ಸಚಿವ ಡಿಸ್ರೇಲಿ ಮಂಡಿಸಿದ, ಥೇಮ್ಸನ್ನು ಶುದ್ಧಗೊಳಿಸುವ ಮಸೂದೆ ಆಗಸ್ಟ್ 2ಕ್ಕೆ ಕಾನೂನಾಯಿತು.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ಸುಮಾರು 130 ಕಿಲೋಮೀಟರ್ ಉದ್ದದ ಮುಖ್ಯ ಒಳಚರಂಡಿಗಳನ್ನು ಕಟ್ಟಿದರು. ಅವು ಕೊಳಚೆಯನ್ನು ಊರಿನ ಪೂರ್ವಕ್ಕೆ, ಬೆಕ್ಟನ್ ಮತ್ತು ಕ್ರಾಸ್‌ನೆಸ್‌ಗೆ ಸಾಗಿಸಿದವು. ಅಲ್ಲಿ ಮೊದಮೊದಲು ಅದನ್ನು ಶುದ್ಧೀಕರಿಸದೆ, ಸಮುದ್ರದ ಇಳಿತದ ಹೊತ್ತು ನೋಡಿ, ಅದೇ ಥೇಮ್ಸಿಗೆ ಬಿಡಲಾಗುತ್ತಿತ್ತು.